ಕಡಲಿಗಿಳಿಯುವ ಮುನ್ನ ತಿಥಿಯ ಲೆಕ್ಕ

ಗೋವೆಯ ಮೋರ್ಜಿಮ್ ಎಂಬ ಕಡಲತಡಿಯಲ್ಲಿರುವ ಉಪಾಹಾರಗೃಹವೊಂದರಲ್ಲಿ ದುಡಿಯುತ್ತಿರುವ ಕುಂದಾಪುರದ ಕಡೆಯ ತರುಣನೊಬ್ಬನು ಈಚೆಗೆ ಈ ಲೇಖಕನಿಗೆ ಒಂದು ಕಾಗದ ಬರೆದಿದ್ದನು. ಊರಿನ ಸಮಾಚಾರ, ಸಂಬಳದ ಸಮಾಚಾರಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಹೀಗೆ ಕೇಳಿದ್ದನು: "ಅಣ್ಣ, ಇಲ್ಲಿ ಮಧ್ಯಾಹ್ನದ ಮೇಲೆ ಪರದೇಶದವರು ದೊಡ್ಡದೊಂದು ಗಾಳಿಪಟಕ್ಕೆ ತಮ್ಮನ್ನು ಕಟ್ಟಿಕೊಂಡು, ಕಾಲಿಗೆ ಹಲಗೆ ಸಿಕ್ಕಿಸಿಕೊಂಡು ನೀರಿನ ಮೇಲೆ ಓಡುತ್ತಾರೆ. ನಮ್ಮಲ್ಲಿಗೆ ದಿನವೂ ಚಹಾಕ್ಕೆ ಬರುವ ಒಬ್ಬರು ನನಗೂ ಕಲಿಸುತ್ತೇನೆ ಎನ್ನುತ್ತಾರೆ. ನನಗೆ ಈಜು ಬರುತ್ತದೆ. ಮನೆಯಲ್ಲಿ ಹೇಳಿಲ್ಲ. ಕಲಿಯಬಹುದೋ?"

ಮನೆಯಲ್ಲಿ ಹೇಳಿಲ್ಲವೆಂಬ ಮಾತನ್ನು ಓದಿ ನಗು ಬಂದಿತಾದರೂ, ಈಜು ಬರುತ್ತದೆ ಎಂಬ ಮಾತನ್ನು ಓದಿದಾಗ ಆ ನಗು ನಿಲ್ಲಲಿಲ್ಲ. ಆ ಮಾತನ್ನು ಹಿಂದೆ ಬೇರೊಬ್ಬನ ಬಾಯಿಂದ ಕೇಳಿದುದುಂಟು. ಅದನ್ನು ಮುಂದೆ ಹೇಳುತ್ತೇನೆ. ತರುಣನಿಗೆ ಬರೆದ ಉತ್ತರವು ಮುಂಬಯಿಯಲ್ಲಿರುವ ನಮ್ಮ ಇತರ ಹುಡುಗರಿಗೂ ಬೇಕಾದುದೆಂದು ತೋರಿದುದರಿಂದ, ಅದನ್ನೇ ತುಸು ವಿಸ್ತರಿಸಿ ಇಲ್ಲಿ ಕೊಡಲಾಗಿದೆ.

ನಮ್ಮವರಲ್ಲಿ ಬಹುಮಂದಿ ಕರಾವಳಿಯವರು. ಕಡಲು ನಮಗೆ ಹೊಸದಲ್ಲವೆಂಬ ಭಾವನೆ ಎಲ್ಲರಲ್ಲಿಯೂ ಇದೆ. ಆದರೆ ಮಲ್ಪೆಯ ಕಡಲನ್ನು ಕಂಡವನು ಮುಂಬಯಿಯ ಕಡಲನ್ನೂ ಕಂಡಂತಾಗಲಿಲ್ಲ. ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವಣ ಅಂತರವು ಹುಣ್ಣಿಮೆ ಅಮಾವಾಸ್ಯೆಗಳಲ್ಲಿಯೂ ಸುಮಾರು ಒಂದೂವರೆ ಮೀಟರು. ಒಬ್ಬ ಮನುಷ್ಯನ ಎದೆಮಟ್ಟ. ಮುಂಬಯಿಯಲ್ಲಿ ಅದೇ ದಿನಗಳಲ್ಲಿ ನೀರು ಹೆಚ್ಚುಕಡಿಮೆ ನಾಲ್ಕು ಮೀಟರು, ಎಂದರೆ 13 ಅಡಿ, ಏರಿ ಇಳಿಯುತ್ತದೆ. ಇಬ್ಬರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತರೂ ಮುಳುಗುವಷ್ಟು. ಇನ್ನೂ ಉತ್ತರಕ್ಕೆ, ಖಂಭಾತದ ಕೊಲ್ಲಿಯ ಭಾವನಗರದಲ್ಲಿ ಅದು 10 ಮೀಟರನ್ನೂ ಮೀರುವುದುಂಟು. ಉತ್ತರಕ್ಕೆ ಹೋದಂತೆ ಕಡಲ ತಳದ ಆಳವಿಲ್ಲದ ಅಂಚು ಅಗಲವಾಗುತ್ತ, ಕೊಲ್ಲಿಯು ಲಾಳಿಕೆಯಂತೆ ಕಿರಿದಾಗುತ್ತ ಹೋಗುವುದರಿಂದ, ನುಗ್ಗಿ ಬಂದ ನೀರಿಗೆ ಮೇಲೇರುವುದಲ್ಲದೆ ಬೇರೆ ದಾರಿ ಇರುವುದಿಲ್ಲ. ಚೆನ್ನೈಯಲ್ಲಿ ಇದಕ್ಕೆ ವಿರುದ್ಧ. ಏರಿಳಿತ ಒಂದು ಮೀಟರಿನ ಆಸುಪಾಸು ಮಾತ್ರ. ಹಾಗೆಂದು ಅಲ್ಲಿಯ ಮರೀನಾ ಸುರಕ್ಷಿತವೆಂದು ತಿಳಿಯಬಾರದು. ಅಲ್ಲಿ ಕೊಲ್ಲುವುದು ಭರತವಲ್ಲ, ದಡದ ಕಡಿದಾದ ಇಳಿಜಾರೂ ಅಲೆಯ ಅಡಿಯ ಸೆಳವೂ.

ನೀರು ಹೀಗೆ ಏರಿ ಇಳಿಯುವುದು ದಿನಕ್ಕೆ ಎರಡು ಬಾರಿ. ಭರತದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಹನ್ನೆರಡು ಹದಿಮೂರು ನಿಮಿಷ. ಚಂದ್ರನು ದಿನವೂ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಭರತವೂ ಅಷ್ಟೇ ತಡವಾಗುತ್ತ ಹೋಗುತ್ತದೆ. ಆದುದರಿಂದ ನಿನ್ನೆ ಈ ಹೊತ್ತಿಗೆ ನೀರು ಎಲ್ಲಿತ್ತೆಂಬುದು ಇಂದಿಗೆ ಸರಿಯಾದೀತು. ಕಳೆದ ವಾರದ ರಜೆಯಲ್ಲಿ ಎಲ್ಲಿತ್ತೆಂಬುದು ಈ ವಾರಕ್ಕೆ ತೀರ ತಪ್ಪಾಗುತ್ತದೆ. ಕಳೆದ ವಾರ ಇದೇ ಹೊತ್ತಿಗೆ ಇದೇ ಬಂಡೆಯ ಮೇಲೆ ಕುಳಿತಿದ್ದೆವಲ್ಲ ಎಂದು ಹೇಳುವವನನ್ನು ನಂಬಬಾರದು.

ಕೊಂಕಣದ ಕೋಳಿಗಳಿಗೆ, ಅಂದರೆ ಅಲ್ಲಿಯ ಬೆಸ್ತರಿಗೆ, ಇದಕ್ಕೊಂದು ಸುಲಭವಾದ ಲೆಕ್ಕವಿದೆ. ಯಂತ್ರ ಬೇಡ, ಪುಸ್ತಕ ಬೇಡ. ಗೋಡೆಯ ಮೇಲಿನ ಪಂಚಾಂಗವೊಂದು ಸಾಕು. ಆ ದಿನದ ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಪೂರ್ಣ ಭರತ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು. ಬೆಳಗ್ಗೆ ಆರಕ್ಕೂ ಸಂಜೆ ಆರಕ್ಕೂ ನೀರು ತುಂಬಿರುತ್ತದೆ, ನಡುಮಧ್ಯಾಹ್ನ ತಗ್ಗಿರುತ್ತದೆ. ಚೌತಿಯಾದರೆ ಮೂರು. ಹುಣ್ಣಿಮೆ ಅಮಾವಾಸ್ಯೆಗಳಾದರೆ ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಪಾಡ್ಯದಿಂದ ಮತ್ತೆ ಒಂದು, ಎರಡು ಎಂದು ಹೊಸದಾಗಿ ಎಣಿಸಬೇಕು. ಇದು ದಪ್ಪ ಲೆಕ್ಕ. ಮುಂಬಯಿಯಲ್ಲಿ ನಿಜವಾದ ಭರತವು ಇದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೂ ತಡವಾಗಿ ಬರುವುದು ವಾಡಿಕೆ. ಖಚಿತವಾದ ವೇಳೆ ಬೇಕಾದವರಿಗೆ ಭಾರತೀಯ ಸರ್ವೇಕ್ಷಣ ಇಲಾಖೆಯವರು ವರ್ಷವರ್ಷವೂ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕಗಳಿವೆ. ಅಪೋಲೋ ಬಂದರಿನಲ್ಲಿ ನೀರಿನ ಮಟ್ಟವನ್ನು 1878ರಿಂದಲೂ ಅಳೆದು ಬರೆದಿಡುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರನ್ನು ಮೀರುವ ಭರತದ ದಿನಗಳನ್ನು ಮಹಾನಗರಪಾಲಿಕೆಯವರು ಮೊದಲೇ ಸಾರುತ್ತಾರೆ. ಆದರೂ ಕಿಸೆಯಲ್ಲಿ ಕೋಷ್ಟಕವಿಲ್ಲದ ಹೊತ್ತಿನಲ್ಲಿ ಕೈಬೆರಳಿನ ಲೆಕ್ಕವೇ ಒದಗುತ್ತದೆ.

ಈಗ ಈ ಲೆಕ್ಕವನ್ನು ನಮ್ಮ ದಿನಚರಿಯ ಪಕ್ಕದಲ್ಲಿಟ್ಟು ನೋಡಬೇಕು. ಉಪಾಹಾರಗೃಹದ ಹುಡುಗನಿಗೆ ಬಿಡುವು ದೊರೆಯುವುದು ಊಟದ ಗಿರಾಕಿಗಳು ಹೋದ ಮೇಲೆ, ಸಂಜೆಯ ತಿಂಡಿಯ ಗಿರಾಕಿಗಳು ಬರುವ ಮೊದಲು. ಎಂದರೆ ಮೂರರಿಂದ ಐದರ ನಡುವೆ. ಹುಣ್ಣಿಮೆ ಅಮಾವಾಸ್ಯೆಗಳ ಆಚೀಚಿನ ದಿನಗಳಲ್ಲಿ ಭರತವು ಮಧ್ಯಾಹ್ನ ಹನ್ನೆರಡು ಒಂದರ ಸುಮಾರಿಗೆ ತುಂಬಿ, ಸಂಜೆ ಆರೇಳಕ್ಕೆ ಪೂರ್ತಿ ಇಳಿಯುತ್ತದೆ. ನೀರು ಆರು ಗಂಟೆಗಳ ಕಾಲ ಒಂದೇ ಸಮನೆ ಇಳಿಯುವುದಿಲ್ಲ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆ ಮೇಲೆ ಮತ್ತೆ ಎರಡು, ಒಂದು. ನಾಲ್ಕು ಮೀಟರಿನ ಇಳಿತದಲ್ಲಿ ಮೂರನೆಯ ಗಂಟೆಯೊಂದರಲ್ಲಿಯೇ ಒಂದು ಮೀಟರು ನೀರು ಹೊರಟುಹೋಗುತ್ತದೆ. ನಮ್ಮ ಹುಡುಗನು ಬಿಡುವಾಗಿ ಟವೆಲು ಹೆಗಲಿಗೆ ಹಾಕಿಕೊಂಡು ಕಡಲಿಗೆ ಬರುವುದು ಸರಿಯಾಗಿ ಆ ಗಂಟೆಗೇ. ತಿಂಗಳಲ್ಲಿ ಎರಡು ಬಾರಿ, ಪ್ರತಿ ಬಾರಿಯೂ ಮೂರು ನಾಲ್ಕು ದಿನ, ನಮ್ಮ ಬಿಡುವಿನ ಹೊತ್ತು ಕಡಲು ಹೊರಗೆಳೆಯುವ ಹೊತ್ತಿನೊಡನೆ ಕೂಡಿ ಬರುತ್ತದೆ.

ಅನೇಕ ವರ್ಷಗಳ ಹಿಂದೆ, ಈ ಲೇಖಕನು ಉಪನಗರದ ಉಪಾಹಾರಗೃಹವೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ, ಅಲ್ಲಿ ಸೀತಾನದಿಯ ದಡದ ಊರಿನ ಹುಡುಗನೊಬ್ಬನಿದ್ದನು. ವಯಸ್ಸು ಹತ್ತೊಂಬತ್ತು. ಹೋಳಿಯ ಮರುದಿನ, ಬಣ್ಣವಾಡುವ ದಿನ, ಊಟದ ಹೊತ್ತು ಮುಗಿದೊಡನೆ ಅಂಗಡಿಯನ್ನು ಮುಚ್ಚಿದ್ದೆವು. ಬಣ್ಣ ತೊಳೆದುಕೊಳ್ಳಲೆಂದು ಐವರು ಹುಡುಗರು ಮಲಾಡಿನಾಚೆಯ ಆಕ್ಸಾ ತೀರಕ್ಕೆ ಹೊರಟರು. ಹೊರಡುವಾಗ ಅಡಿಗೆಯ ಭಟ್ಟರು, "ನೀರಿನ ಹತ್ತಿರ ಜಾಗ್ರತೆ ಮಾರಾಯ" ಎಂದುದಕ್ಕೆ, "ನಂಗೆ ಈಜು ಬತ್ತದೆ ಭಟ್ರೆ, ಮಳೆಗಾಲದ ಹೊಳೆ ದಾಟಿದವ ನಾನು" ಎಂದು ಅವನು ನಕ್ಕನು. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೊಳೆಗೆ ಎರಡು ದಡಗಳಿರುತ್ತವೆ. ಸೆಳವಿನೊಡನೆ ಹೋದರೂ ಯಾವುದಾದರೊಂದು ದಡ ಕೈಗೆ ಸಿಕ್ಕುತ್ತದೆ.

ಹೋಳಿಯೆಂದರೆ ಹುಣ್ಣಿಮೆ. ಮರುದಿನ ಪಾಡ್ಯ, ಒಂದರ ಸುಮಾರಿಗೆ ಪೂರ್ಣ ಭರತ. ಅವರು ನೀರಿಗಿಳಿದಾಗ ನಾಲ್ಕು ಗಂಟೆ. ಅಂದು ನಮ್ಮಲ್ಲಿ ಯಾರೊಬ್ಬರೂ ಈ ಲೆಕ್ಕವನ್ನು ಹಾಕಲಿಲ್ಲ. ಹಾಕಲು ಬರುತ್ತಲೂ ಇರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತವನ ಕಾಲಡಿಯ ಮರಳು ಜಾರಿತೆಂದು ಉಳಿದವರು ಹೇಳಿದರು. ಅವನು ಗಾಬರಿಗೊಳ್ಳದೆ ದಡದ ಕಡೆಗೇ ಮುಖ ಮಾಡಿ ಬಲವಾಗಿ ಈಜಿದನಂತೆ. ಈಜಿದಷ್ಟೂ ದೂರವಾಗುತ್ತ ಹೋದನಂತೆ. ಮೂರನೆಯ ದಿನ ಅವನು ಸಿಕ್ಕಿದನು. ಅವನ ಟ್ರಂಕನ್ನು ಊರಿಗೆ ಕಳುಹಿಸುವ ಕೆಲಸವೂ, ಅವನ ತಂದೆಗೆ ಕಾಗದ ಬರೆಯುವ ಕೆಲಸವೂ ಲೆಕ್ಕ ಬರೆಯುವವನ ಪಾಲಿಗೆ ಬಂದವು. ಟ್ರಂಕಿನಲ್ಲಿ ಎರಡು ಅಂಗಿ, ಒಂದು ಪಂಚೆ, ದಾರದಲ್ಲಿ ಪೋಣಿಸಿಟ್ಟ ಮನಿಯಾರ್ಡರು ರಸೀದಿಗಳು ಇದ್ದವು.

ಆಕ್ಸಾ ತೀರವು ಅಂದಿನಿಂದ ಇಂದಿನವರೆಗೂ ಅದೇ ಬಗೆಯ ಅಪಖ್ಯಾತಿಯನ್ನು ಹೊತ್ತಿದೆ. ಹತ್ತಿರದಲ್ಲಿ ಖಾಡಿಯ ಬಾಯಿ ಇರುವುದರಿಂದ ಇಳಿತದ ನೀರು ಒಂದು ಕಡೆಗೆ ಹರಿದು ಸೆಳೆಯುತ್ತದೆ, ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ಇಂತಹ ಸೆಳವಿಗೆ ಸಿಕ್ಕಿದವನು ದಡದ ಕಡೆಗೆ ಈಜಬಾರದು. ಸೆಳವು ಸಾಮಾನ್ಯವಾಗಿ ಕಿರಿದಾದ ಓಣಿಯಂತಿರುವುದು. ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ, ಈಜಿ ಆ ಓಣಿಯಿಂದ ಹೊರಬಂದ ಮೇಲೆ ಓರೆಯಾಗಿ ದಡ ಸೇರಬೇಕು. ಶಕ್ತಿ ಸಾಲದಿದ್ದರೆ ಅಂಗಾತ ತೇಲುತ್ತ ಒಂದು ಕೈಯೆತ್ತಿ ಕೂಗಬೇಕು. ಇದನ್ನು ಬರೆಯಲು ಎರಡು ಸಾಲು ಸಾಕು. ಅಂದು ಅವನಿಗೆ ಹೇಳಿದವರಿರಲಿಲ್ಲ.

ಇಳಿತದಲ್ಲಿ ಸೆಳವಿನ ಭಯವಾದರೆ, ಭರತದಲ್ಲಿ ಸುತ್ತುವರಿಯುವ ಭಯ. ಹುಣ್ಣಿಮೆಯ ಸಂಜೆ ಆರು ಗಂಟೆಗೆ ಬಾಂದ್ರಾದ ಬ್ಯಾಂಡ್‌ಸ್ಟಾಂಡಿನಲ್ಲಿ ಕಪ್ಪು ಬಂಡೆಗಳು ಬಹುದೂರದವರೆಗೆ ಬತ್ತಲಾಗಿ, ಬನ್ನಿ ಕುಳಿತುಕೊಳ್ಳಿ ಎಂದು ಕರೆಯುವಂತಿರುತ್ತವೆ. ಕತ್ತಲಾದ ಮೇಲೆ ನೀರು ಬರುವುದು ಎದುರಿನಿಂದಲ್ಲ. ಬಂಡೆಗಳ ನಡುವಣ ತಗ್ಗುಗಳು ಮೊದಲು ತುಂಬುವುದರಿಂದ ಅದು ಬೆನ್ನ ಹಿಂದಿನಿಂದ ಬರುತ್ತದೆ. ಕಾಲು ಒದ್ದೆಯಾದಾಗಲೇ ಹಿಂದಿರುಗುವ ದಾರಿ ಮುಚ್ಚಿರುತ್ತದೆ. 2016ರ ಜನವರಿಯಲ್ಲಿ ಇಲ್ಲಿಯೇ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿದ್ದ ತರುಣಿಯೊಬ್ಬಳು ನೀರಿಗೆ ಬಿದ್ದಳು. ಅವಳನ್ನು ಉಳಿಸಲು ಹಾರಿದ ದಾರಿಹೋಕನೂ ಮರಳಲಿಲ್ಲ. ಹಾಜಿ ಅಲಿಯ ದರ್ಗಾಕ್ಕೆ ಹೋಗುವ ಕಾಲುದಾರಿಯು ಭರತದಲ್ಲಿ ಮುಳುಗುವುದನ್ನು ಎಲ್ಲರೂ ಬಲ್ಲರು. ಅಲಿಬಾಗಿನ ಕೊಲಾಬಾ ಕೋಟೆಗೆ ಇಳಿತದಲ್ಲಿ ನಡೆದೇ ಹೋಗಬಹುದಾದುದರಿಂದ ನಮ್ಮವರ ಪ್ರವಾಸಗಳಲ್ಲಿ ಅದಕ್ಕೊಂದು ಸ್ಥಾನವಿದೆ. ಪೂರ್ಣ ಇಳಿತಕ್ಕೆ ಒಂದು ಗಂಟೆ ಮೊದಲು ಹೋಗಿ, ಇಳಿತವಾದ ಒಂದು ಗಂಟೆಯೊಳಗೆ ಹಿಂದಿರುಗತಕ್ಕದ್ದು. ಕೋಟೆಯೊಳಗಿನ ಗಣಪತಿಯ ದರ್ಶನವೂ ಬುತ್ತಿಯ ಊಟವೂ ಆ ಅವಧಿಯೊಳಗೇ ಮುಗಿಯಬೇಕು.

ಗಣಪತಿಯೆಂದಾಗ ನೆನಪಾಯಿತು. ಅನಂತ ಚತುರ್ದಶಿಯ ವಿಸರ್ಜನೆಗೆ ನಮ್ಮ ಹುಡುಗರು ತಂಡತಂಡವಾಗಿ ಗಿರ್ಗಾಂವ್, ದಾದರ್, ಜುಹೂಗಳಿಗೆ ಹೋಗುತ್ತಾರೆ. ಹದಿನಾಲ್ಕರ ಮುಕ್ಕಾಲು ಹತ್ತೂವರೆ. ತಡದ ಲೆಕ್ಕವನ್ನೂ ಸೇರಿಸಿದರೆ ಬೆಳಗ್ಗೆ ಹನ್ನೊಂದಕ್ಕೂ ರಾತ್ರಿ ಹನ್ನೊಂದಕ್ಕೂ ಭರತ, ಸಂಜೆ ಐದಕ್ಕೆ ಇಳಿತ. ಸಂಜೆ ಮೂರ್ತಿಯನ್ನು ಹೊತ್ತು ಬಹುದೂರ ನಡೆದು ನೀರು ಮುಟ್ಟಿದವರು, ತಮ್ಮ ಹಿಂದೆ ನೀರು ಏರುತ್ತಿದೆಯೆಂಬುದನ್ನು ಹಾಡು ಕುಣಿತಗಳ ಭರದಲ್ಲಿ ಗಮನಿಸುವುದಿಲ್ಲ. 2025ರಲ್ಲಿ ಲಾಲ್‌ಬಾಗಿನ ಪ್ರಸಿದ್ಧ ಗಣಪತಿಯ ವಿಸರ್ಜನೆಯೇ ಭರತದ ವೇಳೆಗೆ ಸಿಕ್ಕಿ ಬಹಳ ಗಂಟೆಗಳ ಕಾಲ ತಡೆಯಬೇಕಾಯಿತು. 2013ರ ವಿಸರ್ಜನೆಯಲ್ಲಿ ಗಿರ್ಗಾಂವಿನಲ್ಲಿ ಹಲವು ಮಂದಿಯನ್ನು ತೊರಕೆ ಮೀನು ಬಾಲದ ಮುಳ್ಳಿನಿಂದ ಚುಚ್ಚಿತ್ತು. ಅದು ಮರಳಿನಲ್ಲಿ ಹುದುಗಿ ಮಲಗುವ ಮೀನಾದುದರಿಂದ ಹೆಜ್ಜೆಯೆತ್ತಿ ಇಡದೆ ಕಾಲನ್ನು ಎಳೆಯುತ್ತ ನಡೆದರೆ ತಾನಾಗಿ ಸರಿದುಹೋಗುತ್ತದೆ. ಚುಚ್ಚಿದರೆ ತಾಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಕಾಲನ್ನಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಮಳೆಗಾಲದ ಮಾತನ್ನು ಬೆಳೆಸುವ ಅಗತ್ಯವಿಲ್ಲ. ಜೂನಿನಿಂದ ಶ್ರಾವಣದ ಹುಣ್ಣಿಮೆಯಂದು ಕೋಳಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸುವವರೆಗೆ, ಕಡಲಲ್ಲಿಯೇ ಹುಟ್ಟಿ ಬೆಳೆದವರೂ ದೋಣಿಯನ್ನು ದಡದಲ್ಲಿರಿಸುತ್ತಾರೆ. ಅವರು ಇಳಿಯದ ನೀರಿಗೆ ನಾವು ಇಳಿಯುವುದೆಂತು? 2023ರ ಜೂನಿನಲ್ಲಿ ಬಿಪರ್‌ಜಾಯ್ ಚಂಡಮಾರುತವು ಅರಬ್ಬೀ ಕಡಲಿನಲ್ಲಿದ್ದಾಗ ಜುಹೂವಿನಲ್ಲಿ ನೀರಿಗಿಳಿದ ಹುಡುಗರು ಜೀವ ಕಳೆದುಕೊಂಡರು. ಕಡಲಿಗೆ ಹೋಗದ ಗುಮಾಸ್ತ ಬಂಧುಗಳಿಗೂ ಮಳೆಗಾಲದ ಭರತದ ವೇಳೆ ತಿಳಿದಿರುವುದು ಒಳ್ಳೆಯದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದ ದಿನ ಮಧ್ಯಾಹ್ನ ದೊಡ್ಡ ಭರತವೂ ಇದ್ದಿತು. ಕಡಲು ಏರಿದಾಗ ಚರಂಡಿಗಳ ಬಾಯಿ ಮುಚ್ಚಿ ಊರಿನ ನೀರು ಊರಿನಲ್ಲಿಯೇ ನಿಲ್ಲುತ್ತದೆ. ಕಚೇರಿಯಿಂದ ಹೊರಡುವ ಮೊದಲು ತಿಥಿ ನೋಡುವವನು ಮೂಢನೇನಲ್ಲ.

ಇನ್ನು ಮೋರ್ಜಿಮಿನ ತರುಣನ ಪ್ರಶ್ನೆಗೆ ಬರೋಣ. ಗಾಳಿಪಟದ ಹಲಗೆ ಸವಾರಿಯು ಹೊಸ ಆಟ. ಗಾಳಿ ತುಂಬಿದ ಕೊಳವೆಯುಳ್ಳ, ನೀರಿಗೆ ಬಿದ್ದರೂ ಮತ್ತೆ ಏಳಬಲ್ಲ ಪಟಕ್ಕೆ ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸೋದರರು ಹಕ್ಕುಪತ್ರಕ್ಕೆ ಅರ್ಜಿ ಹಾಕಿದುದು 1984ರಲ್ಲಿ. ಪಟದ ವಿಸ್ತಾರ ಹತ್ತು ಹನ್ನೆರಡು ಚದರ ಮೀಟರು, ಎಂದರೆ ನಾಲ್ವರು ಮಲಗುವ ಕೋಣೆಯಷ್ಟು. ಹುರಿಗಳ ಉದ್ದ 20ರಿಂದ 25 ಮೀಟರು. ನಮ್ಮ ದೇಶದಲ್ಲಿ ಗೋವೆಯಲ್ಲಿಯೂ ರಾಮೇಶ್ವರದ ಕಡೆಯಲ್ಲಿಯೂ ಇದನ್ನು ಕಲಿಸುವವರಿದ್ದಾರೆ. ನಮ್ಮ ಮೂಲ್ಕಿ, ಸಸಿಹಿತ್ಲುಗಳ ಹುಡುಗರು ಬರಿಯ ಹಲಗೆಯ ಮೇಲೆ ನಿಂತು ಅಲೆಯೇರುವುದರಲ್ಲಿ ಹೆಸರು ಮಾಡಿರುವಾಗ, ಕುಂದಾಪುರದ ಹುಡುಗನು ಇದನ್ನು ಕಲಿಯಬಾರದೆಂದು ಹೇಳಲು ಈ ಲೇಖಕನಿಗೆ ಮನಸ್ಸಿಲ್ಲ. ಆದರೆ ಚಹಾಕ್ಕೆ ಬರುವ ಗಿರಾಕಿಯಿಂದ ಕಲಿಯತಕ್ಕ ವಿದ್ಯೆ ಇದಲ್ಲ. ಕಲಿಸುವುದನ್ನೇ ವೃತ್ತಿಯಾಗಿ ಉಳ್ಳವರಿಂದ, ತಲೆಗೆ ಟೊಪ್ಪಿಗೆಯನ್ನೂ ಮೈಗೆ ತೇಲುವ ಅಂಗಿಯನ್ನೂ ತೊಟ್ಟು ಕಲಿಯಬೇಕು.

ಮೊದಲನೆಯದು ಗಾಳಿಯ ದಿಕ್ಕು. ದಡದಿಂದ ಕಡಲಿನ ಕಡೆಗೆ ಬೀಸುವ ಗಾಳಿಯಲ್ಲಿ ಎಂದಿಗೂ ಪಟ ಹಾರಿಸಬಾರದು, ಅದು ಹಿಂದಿರುಗಿಸದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದಿಂದ ಮೇ ತಿಂಗಳವರೆಗೆ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಓರೆಯಾಗಿ ದಡಕ್ಕೆ ಬರುತ್ತದೆ. ಈ ಓರೆಗಾಳಿಯೇ ಆಟಕ್ಕೆ ತಕ್ಕುದು. ನೇರವಾಗಿ ದಡಕ್ಕೆ ಬೀಸುವ ಬಲವಾದ ಗಾಳಿಯೂ ಕೆಟ್ಟದ್ದೇ. ಅದು ಮನುಷ್ಯನನ್ನು ಎತ್ತಿ ಮರಕ್ಕೋ ಗೋಡೆಗೋ ಅಪ್ಪಳಿಸುತ್ತದೆ. ಗಾಳಿ ಹೋಗುವ ಕಡೆಯಲ್ಲಿ ಹುರಿಯ ಉದ್ದದ ಎರಡರಷ್ಟಾದರೂ ಬಯಲಿರಬೇಕು.

ಇಲ್ಲಿಯೇ ಭರತದ ಲೆಕ್ಕವು ಮತ್ತೆ ಬರುತ್ತದೆ. ಇಳಿತದಲ್ಲಿ ವಿಶಾಲವಾಗಿದ್ದ ಮರಳು ಎರಡು ಗಂಟೆಯಲ್ಲಿ ಸಣ್ಣ ಪಟ್ಟಿಯಾಗಿ, ಹೊರಡುವಾಗ ಇದ್ದ ಜಾಗವು ಇಳಿಯುವಾಗ ಇರುವುದಿಲ್ಲ. ಇದ್ದ ಅಷ್ಟು ಮರಳಿನ ಮೇಲೆ ಜನರೆಲ್ಲ ಬಂದು ನಿಂತಿರುತ್ತಾರೆ. ಬಿಗಿದ ಹುರಿಯು ಅಡ್ಡ ಸಿಕ್ಕಿದವನ ಮೈಯನ್ನು ಕೊಯ್ಯಬಲ್ಲುದು. ಇನ್ನೊಂದು, ಗಾಳಿ ನಿಂತಿತೆಂದರೆ ಪಟ ನೀರಿಗೆ ಬೀಳುತ್ತದೆ. ಆಗ ಸವಾರನೆಂಬವನಿಲ್ಲ, ಬರಿಯ ಈಜುಗಾರನಿದ್ದಾನೆ. ಅವನನ್ನು ಕೊಂಡೊಯ್ಯುವುದು ಗಾಳಿಯಲ್ಲ, ನೀರು. ಮೋರ್ಜಿಮಿನ ದಕ್ಷಿಣದ ತುದಿಯಲ್ಲಿ ಶಾಪೋರಾ ನದಿಯು ಕಡಲನ್ನು ಸೇರುತ್ತದೆ. ಇಳಿತದಲ್ಲಿ ನದಿಯ ನೀರೂ ಭರತದಲ್ಲಿ ಒಳಹೊಕ್ಕ ನೀರೂ ಒಟ್ಟಾಗಿ ಆ ಬಾಯಿಯಿಂದ ಹೊರಗೋಡುತ್ತವೆ. ವಾಯವ್ಯದ ಗಾಳಿಯು ಸವಾರನನ್ನು ಆ ದಿಕ್ಕಿಗೇ ತಳ್ಳುತ್ತದೆಂಬುದನ್ನು ಮರೆಯಬಾರದು. ಆದುದರಿಂದ ನದೀಮುಖದಿಂದ ಬಹುದೂರ ಉತ್ತರಕ್ಕೆ, ನೀರು ಏರುತ್ತಿರುವ ಹೊತ್ತಿನಲ್ಲಿ ಕಲಿಯಬೇಕು. ತಿಥಿಯ ಮುಕ್ಕಾಲು ಅಲ್ಲಿಯೂ ಹೆಚ್ಚುಕಡಿಮೆ ಸಲ್ಲುತ್ತದೆ.

ಪಟವು ಕೈಮೀರಿ ಎಳೆದಾಗ ಹಿಡಿಕೆಯನ್ನು ಬಿಟ್ಟುಬಿಡಬೇಕು. ಅದಕ್ಕೂ ಬಗ್ಗದಿದ್ದರೆ ಸೊಂಟದ ಕೊಂಡಿಯನ್ನು ಕಳಚಬೇಕು. ಕೊನೆಗೆ ಪಟವನ್ನು ಮೈಗೆ ಬಿಗಿದ ಹುರಿಯನ್ನೂ ಕಳಚಬೇಕು. ಈ ಮೂರನ್ನು ಕಣ್ಣು ಮುಚ್ಚಿ ಮಾಡಲು ಬರುವವರೆಗೆ ನೀರಿಗೆ ಇಳಿಯುವುದಿಲ್ಲವೆಂದು ಗುರುವಿನ ಮುಂದೆ ಹಟ ಹಿಡಿಯಬೇಕೆಂದು ತರುಣನಿಗೆ ಬರೆದಿದ್ದೇನೆ. ನೀರಿಗೆ ಬಿದ್ದಾಗ ಎಳೆತವಿಲ್ಲದಿದ್ದರೆ ಪಟವನ್ನು ಬಿಟ್ಟು ಈಜಬಾರದು. ಗಾಳಿ ತುಂಬಿದ ಅದರ ಕೊಳವೆಯೇ ತೇಲುವ ಆಸರೆ. ದೂರದವರ ಕಣ್ಣಿಗೂ ಬೀಳುವ ಗುರುತು. ಮನೆಯಲ್ಲಿ ಹೇಳಬೇಕೆಂದೂ ಬರೆದಿದ್ದೇನೆ.

ಮುಂಬಯಿಯಲ್ಲಿ ಗಿರ್ಗಾಂವ್, ದಾದರ್, ಜುಹೂ, ವರ್ಸೋವಾ, ಆಕ್ಸಾ, ಗೊರಾಯಿ ತೀರಗಳಲ್ಲಿ ಅಗ್ನಿಶಾಮಕ ದಳದ ಆಶ್ರಯದಲ್ಲಿ ಜೀವರಕ್ಷಕರಿದ್ದಾರೆ. ಅವರ ಸೀಟಿಗೆ ಬೆಲೆ ಕೊಡಬೇಕು. ಅವರಿಲ್ಲದ ಹೊತ್ತಿನಲ್ಲಿ, ಮುಖ್ಯವಾಗಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಪಾದ ತೊಯ್ಯುವುದಕ್ಕಿಂತ ಹೆಚ್ಚಿಗೆ ನೀರಿಗೆ ಹೋಗಬಾರದು. ಮುಳುಗುತ್ತಿರುವವನನ್ನು ಕಂಡು ಹಾರುವುದು ಸ್ನೇಹಧರ್ಮವೆಂದು ತೋರಬಹುದು, ಆದರೆ ಒಬ್ಬನಿಗಾಗಿ ಇಬ್ಬರು ಹೋಗುವುದು ಹಾಗೆಯೇ. ಹಗ್ಗ ಎಸೆಯಬೇಕು, ಪಂಚೆ ಎಸೆಯಬೇಕು, ತೇಲುವುದೇನಾದರೂ ಎಸೆಯಬೇಕು, 112ಕ್ಕೆ ಕರೆ ಮಾಡಬೇಕು. ಮೇಲೆತ್ತಿದವನಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ಪದ್ಧತಿ ಬೇಡ. ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯಿಗೆ ಬಾಯಿಟ್ಟು ಉಸಿರು ಊದುವುದನ್ನೂ ಎದೆಯ ನಡುವೆ ಒತ್ತುವುದನ್ನೂ ಬಿಡದೆ ಮಾಡಬೇಕು.

ಆ ಹೋಳಿಯ ಬಳಿಕ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಬಂದಿತು. ಈಗಲೂ ಕೆಲವು ಕಡೆ ನಡೆದಿದೆಯೆಂದು ಕೇಳುತ್ತೇನೆ. ಹದಿನೈದು ಲೀಟರಿನ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬವನ್ನು ಚೆನ್ನಾಗಿ ತೊಳೆದು, ಮುಚ್ಚಳ ಬಿಗಿದು, ಹಿಡಿಗೆ ಉದ್ದನೆಯ ಹಗ್ಗ ಕಟ್ಟಿ ಅಡಿಗೆಮನೆಯ ಬಾಗಿಲ ಹಿಂದೆ ತೂಗಹಾಕಿದ್ದೆವು. ಬೆಳೆದ ಗಂಡಸೊಬ್ಬನನ್ನು ಅದು ತೇಲಿಸಬಲ್ಲುದು. ಕಡಲಿಗೆ ಹೊರಡುವ ತಂಡವು ಅದನ್ನು ಕೊಂಡೇ ಹೋಗಬೇಕು. ಗಲ್ಲೆಯ ಮೇಲಿರುವವರು ಗೋಡೆಯ ಪಂಚಾಂಗ ನೋಡಿ ಹೊತ್ತು ಹೇಳಬೇಕು. ಹೊಸದಾಗಿ ಬಂದ ಹುಡುಗರು ಡಬ್ಬ ಹೊರುವುದಕ್ಕೆ ನಾಚುತ್ತಿದ್ದರು. ಹಳಬರು ಏನನ್ನೂ ಹೇಳದೆ ಅದನ್ನು ಅವರ ಹೆಗಲಿಗೆ ಹಾಕುತ್ತಿದ್ದರು.

"ನಾಳೆ ಎಂತ ತಿಥಿ?"

"ಏಕಾದಶಿ."

"ಹನ್ನೊಂದರ ಮುಕ್ಕಾಲು ಎಂಟೂಕಾಲು. ಒಂಬತ್ತು ಅಂತ ಇಟ್ಟುಕೊಳ್ಳಿ. ಮೂರು ಗಂಟೆಗೆ ನೀರು ತಗ್ಗಿರ್ತದೆ, ಆ ಮೇಲೆ ಏರ್ತದೆ. ಹೋಗಿ ಬನ್ನಿ, ಬಂಡೆ ಹತ್ತಬೇಡಿ, ಐದಕ್ಕೆ ಇಲ್ಲಿರಬೇಕು."